ಮೂರು ತುಂಡಿನ ಹಾಳೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಒಂದೇ ರಸ್ತೆಯ ಊರುಗಳು. ರಾಜ್ಯದ ಗಡಿಯೂ ದೂರವಿಲ್ಲ. ಗೌರಿಬಿದನೂರು ದಾಟಿದರೆ ಹಿಂದೂಪುರ, ಚಿಂತಾಮಣಿ ದಾಟಿದರೆ ಮದನಪಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಆಂಧ್ರದ ಕಡೆಯ ರೈತರೂ ರೇಷ್ಮೆಗೂಡು ಹೊತ್ತು ತರುತ್ತಾರೆ. ಹೀಗಾಗಿ ಎದುರಿಗೆ ಬಂದ ಗಾಡಿಯ ನಂಬರ್ ಪ್ಲೇಟ್ ಓದುವ ಅಭ್ಯಾಸ ನಮ್ಮ ಕಡೆಯವರಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ಕೆಎ 40 ಅಂದರೆ ಚಿಕ್ಕಬಳ್ಳಾಪುರ, ಕೆಎ 67 ಅಂದರೆ ಚಿಂತಾಮಣಿ, ಎಪಿ ಅಂದರೆ ಪಕ್ಕದ ಮನೆಯವರು.

ಇಂಥ ಜನರ ನಡುವೆ ಜರ್ಮನಿಯದೋ ಇಂಗ್ಲೆಂಡಿನದೋ ನಂಬರಿನ ಬೈಕ್ ಬಂದು ನಿಂತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ 44 ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹಾಯುತ್ತದೆ, ನಂದಿ ಬೆಟ್ಟವೂ ಅಲ್ಲೇ ಇದೆ. ದೇಶ ದೇಶ ದಾಟಿ ಬಂದ ಸವಾರರು ಟೀ ಕುಡಿಯಲು ನಿಲ್ಲುತ್ತಾರೆ, ಸುತ್ತ ಹುಡುಗರು ಸೇರುತ್ತಾರೆ. ಮೊದಲ ಪ್ರಶ್ನೆ ಯಾವೂರು ಅಂತ. ಎರಡನೆಯದು ಮೈಲೇಜ್ ಎಷ್ಟು ಕೊಡ್ತದೆ ಅಂತ. ಮೂರನೆಯದನ್ನು ಕೇಳುವವನು ಸಾಮಾನ್ಯವಾಗಿ ಮೆಕ್ಯಾನಿಕ್. ಅವನು ಸವಾರನನ್ನು ಕೇಳುವುದಿಲ್ಲ, ಪಕ್ಕದಲ್ಲಿರುವ ಇಂಗ್ಲಿಷ್ ಬಲ್ಲವರ ಕಿವಿಯಲ್ಲಿ ಹೇಳುತ್ತಾನೆ: "ಸಾರ್, ಊರಿಗೆ ಹೋಗೋವಾಗ ಇದನ್ನ ಇಲ್ಲೇ ಕೊಟ್ಬಿಟ್ಟು ಹೋಗ್ತಾರಾ ಅಂತ ಕೇಳಿ ನೋಡಿ. ಎಷ್ಟಕ್ಕೆ ಕೊಡ್ತಾರಂತೆ?"

ಕೇಳುವುದರಲ್ಲಿ ತಪ್ಪಿಲ್ಲ. ಸವಾರನ ಮನಸ್ಸಿನಲ್ಲೂ ಎಷ್ಟೋ ಸಲ ಇದೇ ಪ್ರಶ್ನೆ ಇರುತ್ತದೆ. ಪ್ರಯಾಣ ಮುಗಿದಿದೆ, ಬೈಕ್ ಸವೆದಿದೆ, ವೀಸಾ ತೀರುತ್ತಾ ಬಂದಿದೆ, ಬೈಕನ್ನು ಹಡಗಿಗೆ ಹಾಕಿ ಕಳಿಸುವ ಖರ್ಚು ಬೈಕಿನ ಬೆಲೆಯನ್ನೇ ಮುಟ್ಟುತ್ತದೆ. ಆದರೂ ಇಬ್ಬರೂ ಕೈ ಕುಲುಕುವಂತಿಲ್ಲ. ಸವಾರನ ಟ್ಯಾಂಕ್ ಬ್ಯಾಗಿನಲ್ಲಿ, ಪಾಸ್‌ಪೋರ್ಟಿನ ಜೊತೆಗೆ, ಅಡ್ಡವಾಗಿ ತೆರೆಯುವ ಒಂದು ಕಾಗದದ ಪುಸ್ತಕ ಇರುತ್ತದೆ. ಕಾರ್ನೆ ದ ಪಾಸಾಜ್ ಎಂದು ಅದರ ಹೆಸರು, ಸವಾರರ ಬಾಯಲ್ಲಿ ಬರೀ ಕಾರ್ನೆ. ಬೈಕ್ ಎಲ್ಲಿ ಬೇಕಾದರೂ ಓಡಾಡಬಹುದು, ಕೊನೆಗೆ ಏನಾಗಬೇಕು ಎಂಬುದು ಮಾತ್ರ ಅದರಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಇಪ್ಪತ್ತನೇ ಶತಮಾನದ ದೊಡ್ಡ ಆವಿಷ್ಕಾರಗಳ ಪಟ್ಟಿಯಲ್ಲಿ ಈ ಪುಸ್ತಕವನ್ನು ಯಾರೂ ಸೇರಿಸುವುದಿಲ್ಲ. ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಕಂಡುಹಿಡಿದವರು ಗಾಡಿಯನ್ನು ಓಡಿಸಿದರು. ಈ ಹಾಳೆ ಕಂಡುಹಿಡಿದವರು ಅದನ್ನು ಗಡಿ ದಾಟಿಸಿದರು.

ಕತೆ ಶುರುವಾಗುವುದು ಸೈಕಲ್ಲಿನಿಂದ. 1880, 90ರ ದಶಕದಲ್ಲಿ ಯುರೋಪಿನಲ್ಲಿ ಸೈಕಲ್ಲಿನ ಹುಚ್ಚು ಹಬ್ಬಿತು. ಆಗ ಸೈಕಲ್ಲೆಂದರೆ ಕೂಲಿಯವನ ಎಷ್ಟೋ ತಿಂಗಳ ಸಂಬಳ. ಹಾಗಾಗಿ ಅದನ್ನು ಏರಿ ಪ್ರವಾಸ ಹೊರಟವರು ಅನುಕೂಲಸ್ಥರು, ಅವರಿಗೆ ಪಕ್ಕದ ದೇಶವನ್ನೂ ನೋಡುವ ಆಸೆ. ಗಡಿಯ ಸುಂಕದಕಟ್ಟೆಯಲ್ಲಿ ಅಧಿಕಾರಿ ತಡೆಯುತ್ತಿದ್ದ. ಅವನ ಕಣ್ಣಿಗೆ ಅದು ಬೆಲೆ ಬಾಳುವ ಪರದೇಶದ ಸಾಮಾನು. ಮೇಲೆ ಕೂತವನು ಊರು ನೋಡಲು ಬಂದವನೋ, ಸೈಕಲ್ ಮಾರಿ ರೈಲಿನಲ್ಲಿ ವಾಪಸ್ ಹೋಗುವ ವ್ಯಾಪಾರಿಯೋ, ಮುಖ ನೋಡಿ ತಿಳಿಯುವಂತಿಲ್ಲ. ಅದಕ್ಕೆ ಸರ್ಕಾರಗಳ ಬಳಿ ಇದ್ದ ಉಪಾಯ ಒಂದೇ: ಪೂರ್ತಿ ಸುಂಕವನ್ನು ಠೇವಣಿ ಇಡು, ರಸೀದಿ ತಗೋ, ಹೊರಗೆ ಹೋಗುವಾಗ ಸೈಕಲ್ ತೋರಿಸಿ ಹಣ ವಾಪಸ್ ತಗೋ.

ಠೇವಣಿಯ ಜೊತೆಗೆ ಮೊಹರೂ ಇತ್ತು. ಸೈಕಲ್ಲಿನ ಫ್ರೇಮಿಗೆ ಒಂದು ತಂತಿ ಸುತ್ತುತ್ತಿದ್ದರು. ತಂತಿಯ ಎರಡೂ ತುದಿಯನ್ನು ಗುಂಡಿಯಷ್ಟಗಲದ ಸೀಸದ ಬಿಲ್ಲೆಯೊಳಗೆ ತೂರಿಸಿ, ಅಚ್ಚಿರುವ ಇಕ್ಕಳದಿಂದ ಬಿಗಿಯಾಗಿ ಒತ್ತುತ್ತಿದ್ದರು. ಸೀಸ ಮೆತ್ತನೆಯ ಲೋಹವಾದ್ದರಿಂದ ಒತ್ತಿದ ಕೂಡಲೇ ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಮೇಲೆ ಸುಂಕದ ಮನೆಯ ಗುರುತು ಮೂಡುತ್ತದೆ. ಬಿಲ್ಲೆ ಒಡೆಯದೆ ತಂತಿ ಬಿಚ್ಚಲಾಗದು. ಒಳಗೆ ಬಂದ ಸೈಕಲ್ಲೇ ಹೊರಗೆ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಇತ್ತು. ರಸ್ತೆಯ ಮೇಲೆ ಪಾಡು ಬೇರೆ. ಠೇವಣಿ ಇಟ್ಟ ದೇಶದ ನಾಣ್ಯದಲ್ಲೇ ಹಣ ವಾಪಸ್ ಬರುತ್ತಿತ್ತು. ಇನ್ನೊಂದು ದಿಕ್ಕಿನ ಸಣ್ಣ ಕಟ್ಟೆಯಲ್ಲಿ ಹೊರಬಿದ್ದರೆ ಅಲ್ಲಿ ಅಷ್ಟು ನಗದು ಇರುತ್ತಿರಲಿಲ್ಲ. ಮೂರು ದೇಶ ಸುತ್ತುವವನು ಮೂರು ಕಡೆ ಕೈಯಿಂದ ಹಣ ಬಿಚ್ಚಬೇಕಿತ್ತು.

ಪರಿಹಾರ ಹೊಳೆದದ್ದು ಸರ್ಕಾರಗಳಿಗಲ್ಲ, ಸೈಕಲ್ ಸಂಘಗಳಿಗೆ. ಇಂಗ್ಲೆಂಡಿನ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ 1878ರಲ್ಲೇ ಹುಟ್ಟಿತ್ತು. ಫ್ರಾನ್ಸಿನ ಟೂರಿಂಗ್ ಕ್ಲಬ್ 1890ರಲ್ಲಿ, ಇಟಲಿಯದು 1894ರಲ್ಲಿ, ಸ್ವಿಟ್ಜರ್ಲೆಂಡಿನದು 1896ರಲ್ಲಿ ಬಂದವು. ಇವು ಹೋಟೆಲ್ಲಿನಲ್ಲಿ ರಿಯಾಯಿತಿ ಕೊಡಿಸುವ, ರಸ್ತೆಯ ನಕಾಶೆ ಅಚ್ಚು ಹಾಕುವ ಸಂಘಗಳು. ಇವುಗಳ ಹತ್ತಿರ ಸುಂಕದ ಅಧಿಕಾರಿಗೆ ಇಲ್ಲದ ಒಂದು ಸವಲತ್ತಿತ್ತು. ಸದಸ್ಯ ಯಾರು, ಅವನ ವಿಳಾಸ ಏನು, ಮಾತಿಗೆ ತಪ್ಪಿದರೆ ಎಲ್ಲಿ ಹಿಡಿಯಬೇಕು ಎಂಬುದು ಅವಕ್ಕೆ ಗೊತ್ತಿತ್ತು. ಹಾಗಾಗಿ ಅವು ಸುಂಕದ ಇಲಾಖೆಗಳ ಮುಂದೆ ಹೋಗಿ ಕೇಳಿದ್ದು ಇಷ್ಟೇ: ಇವನ ಹಣ ಬೇಡಿ, ನಮ್ಮ ಸದಸ್ಯತ್ವದ ಚೀಟಿ ನೋಡಿ ಬಿಟ್ಟುಬಿಡಿ, ಇವನ ಕಡೆಯಿಂದ ನಾವು ನಿಲ್ಲುತ್ತೇವೆ. ಒಂದೊಂದಾಗಿ ಇಲಾಖೆಗಳು ಒಪ್ಪಿದವು. ಸೊಸೈಟಿ ಸಾಲಕ್ಕೆ ಊರಿನವರೊಬ್ಬರು ಜಾಮೀನು ಹಾಕಿದ ಹಾಗೆ. ಸಾಲ ಕೊಡುವವನಿಗೆ ಸಾಲಗಾರನ ಪರಿಚಯ ಬೇಕಿಲ್ಲ, ಜಾಮೀನುದಾರನ ಪರಿಚಯವಿದ್ದರೆ ಸಾಕು.

ಇಡೀ ಆವಿಷ್ಕಾರದ ಬೀಜ ಇಷ್ಟೇ. ಇದಕ್ಕೆ ಒಬ್ಬ ಜನಕನ ಹೆಸರಿಲ್ಲ, ಪೇಟೆಂಟ್ ಇಲ್ಲ, ಪ್ರಯೋಗಶಾಲೆಯ ಕತೆಯೂ ಇಲ್ಲ. ಸಂಘಗಳ ಕಾರ್ಯದರ್ಶಿಗಳು ಪತ್ರ ಬರೆದು, ಕಚೇರಿ ಅಲೆದು, ದೇಶದಿಂದ ದೇಶಕ್ಕೆ ಒಪ್ಪಿಸಿಕೊಂಡು ಬಂದ ಕೆಲಸ ಅದು. 1898ರಲ್ಲಿ ಲಕ್ಸೆಂಬರ್ಗಿನಲ್ಲಿ ಈ ಪ್ರವಾಸಿ ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಎಐಟಿ ಎಂದು ಆಮೇಲೆ ಹೆಸರಾದದ್ದು ಅದೇ.

ಮುಂದೆ ಮೋಟಾರು ಬಂತು, ಲೆಕ್ಕ ದೊಡ್ಡದಾಯಿತು. ಸೈಕಲ್ಲಿನ ಸುಂಕಕ್ಕೆ ಬರೀ ಬಾಯಿಮಾತಿನಲ್ಲಿ ನಿಲ್ಲಬಹುದು. ಮೋಟಾರು ಕಾರಿನ ಸುಂಕಕ್ಕೆ ಸದಸ್ಯತ್ವದ ಚೀಟಿಯನ್ನಷ್ಟೇ ನಂಬಿ ಕೂರಲು ಯಾವ ಕ್ಲಬ್ಬಿಗೂ ಆಗದು. ಆಗ ರೂಪುಗೊಂಡದ್ದು ಟ್ರಿಪ್ಟಿಕ್. ಮೂರು ತುಂಡಿನ ಒಂದು ಹಾಳೆ. ಸವಾರ ತನ್ನ ಊರಿನಲ್ಲೇ, ತನ್ನ ಹಣದಲ್ಲೇ, ತನ್ನ ಕ್ಲಬ್ಬಿಗೆ ಠೇವಣಿಯೋ ಭದ್ರತೆಯೋ ಕೊಡುತ್ತಾನೆ. ಕ್ಲಬ್ಬು ಅವನ ಗಾಡಿಯ ವಿವರವೆಲ್ಲ ಬರೆದ ಹಾಳೆ ಕೊಡುತ್ತದೆ. ಒಳಗೆ ಬರುವಾಗ ಒಂದು ತುಂಡನ್ನು ಸುಂಕದಕಟ್ಟೆ ಹರಿದುಕೊಳ್ಳುತ್ತದೆ, ಹೊರಗೆ ಹೋಗುವಾಗ ಎರಡನೆಯದನ್ನು. ಮೂರನೆಯದು ಎರಡೂ ಮುದ್ರೆ ಹೊತ್ತು ಕ್ಲಬ್ಬಿಗೆ ಮರಳುತ್ತದೆ. ಬಂದ ತುಂಡಿಗೆ ಹೋದ ತುಂಡು ಹೊಂದಿತೋ, ಲೆಕ್ಕ ಚುಕ್ತಾ. ಹೊಂದಲಿಲ್ಲವೋ, ಗಾಡಿ ಒಳಗೇ ಉಳಿದಿದೆ ಎಂದರ್ಥ, ಕ್ಲಬ್ಬು ಸುಂಕ ಕಟ್ಟಬೇಕು.

ಮೇಲ್ನೋಟಕ್ಕೆ ಇದೇನು ಮಹಾ ಅನಿಸಬಹುದು. ಯಾವುದು ಒಳಗೆ ಬಂತು ಎಂದು ಬರೆದಿಡುವುದು ರಾಜ್ಯಗಳಿಗೆ ಶತಮಾನಗಳಿಂದ ಗೊತ್ತಿತ್ತು. ಅದು ಹೊರಗೆ ಹೋಯಿತು ಎಂಬುದನ್ನು ನೂರಾರು ಮೈಲಿ ಆಚೆಯ ಇನ್ನೊಂದು ಕಟ್ಟೆಯಲ್ಲಿ, ಪರಿಚಯವೇ ಇಲ್ಲದ ಇನ್ನೊಬ್ಬ ಗುಮಾಸ್ತನ ಕೈಯಲ್ಲಿ, ದುಡ್ಡಿನ ವಹಿವಾಟೇ ಇಲ್ಲದೆ ಸಾಬೀತು ಮಾಡಿಸುವುದು ಹೊಸದು. ಟ್ರಿಪ್ಟಿಕ್ ಮಾಡಿದ್ದು ಅದನ್ನು.

1909ರ ಅಕ್ಟೋಬರ್ 11ರಂದು ಪ್ಯಾರಿಸ್ಸಿನಲ್ಲಿ ಹಲವು ದೇಶಗಳು ಮೋಟಾರು ಸಂಚಾರದ ಬಗ್ಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡವು. ಪರದೇಶದ ಗಾಡಿಯ ಹಿಂದೆ ಅಂಡಾಕಾರದ ಬಿಲ್ಲೆಯಲ್ಲಿ ದೇಶದ ಅಕ್ಷರ ಇರಬೇಕು ಎಂಬ ನಿಯಮ ಬಂದದ್ದು ಆಗಲೇ. ಈಗ ನಮ್ಮ ಗಾಡಿಗಳು ಹೊರದೇಶಕ್ಕೆ ಹೋದರೆ ಐಎನ್‌ಡಿ ಎಂದು ಹಚ್ಚಿಕೊಳ್ಳುತ್ತವೆ. ಬ್ರಿಟಿಷರ ಕಾಲದಲ್ಲಿ ಬಿಐ ಎಂದಿತ್ತು. ಆ ಒಪ್ಪಂದ ಗಾಡಿಯ ಬ್ರೇಕು, ದೀಪ, ಚಾಲಕನ ಪರವಾನಗಿ ಎಲ್ಲವನ್ನೂ ಮಾತಾಡಿತು. ಸುಂಕವನ್ನು ಕ್ಲಬ್ಬುಗಳ ಪಾಲಿಗೇ ಬಿಟ್ಟಿತು.

ಟ್ರಿಪ್ಟಿಕ್ಕಿಗೆ ಒಂದು ಕೊರತೆಯಿತ್ತು. ಒಂದು ಹಾಳೆ ಒಂದೇ ದೇಶಕ್ಕೆ ನಡೆಯುತ್ತಿತ್ತು. ನಾಲ್ಕು ದೇಶಕ್ಕೆ ನಾಲ್ಕು ಹಾಳೆ, ನಾಲ್ಕು ಭದ್ರತೆ. ಅದಕ್ಕೆ ಮುಂದಿನ ಹೆಜ್ಜೆಯಾಗಿ ಅನೇಕ ದೇಶಗಳಿಗೆ ಆಗುವ ಒಂದೇ ಪುಸ್ತಕ ಬಂತು, ಅದೇ ಕಾರ್ನೆ. ಹಾಳೆಯಿಂದ ಪುಸ್ತಕಕ್ಕೆ ಹೋಗುವುದು ಬೈಂಡಿಂಗಿನ ಕೆಲಸದಂತೆ ಕಾಣುತ್ತದೆ, ಅದರ ಹಿಂದಿನ ಏರ್ಪಾಡು ದೊಡ್ಡದು. ಜರ್ಮನಿಯ ಕ್ಲಬ್ಬಿನ ಮಾತನ್ನು ಪರ್ಷಿಯಾದ ಸುಂಕದವನು ಯಾಕೆ ನಂಬಬೇಕು? ನಂಬಬೇಕಿಲ್ಲ. ಅವನು ತನ್ನ ದೇಶದ ಕ್ಲಬ್ಬನ್ನು ನಂಬಿದರೆ ಸಾಕು. ಆ ಕ್ಲಬ್ಬಿಗೆ ಒಕ್ಕೂಟ ಹೊಣೆ, ಒಕ್ಕೂಟಕ್ಕೆ ಜರ್ಮನಿಯ ಕ್ಲಬ್ಬು ಹೊಣೆ, ಕ್ಲಬ್ಬಿಗೆ ಸವಾರ ಹೊಣೆ. 1904ರಲ್ಲಿ ಹುಟ್ಟಿದ ಮೋಟಾರು ಕ್ಲಬ್ಬುಗಳ ಒಕ್ಕೂಟ, ಅಂದರೆ ಈಗ ಕಾರ್ ರೇಸುಗಳಿಂದಾಗಿ ಎಲ್ಲರಿಗೂ ಹೆಸರು ಗೊತ್ತಿರುವ ಎಫ್‌ಐಎ, ಮತ್ತು ಆ ಹಳೆಯ ಎಐಟಿ ಸೇರಿ ಈ ಸರಪಳಿಯನ್ನು ನಡೆಸಿಕೊಂಡು ಬಂದಿವೆ. ಜರ್ಮನಿಯಲ್ಲಿ ಇವತ್ತು ಕಾರ್ನೆ ಕೊಡುವ ಎಡಿಎಸಿ 1903ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ್ದು ಮೋಟಾರ್ ಸೈಕಲ್ ಸವಾರರ ಸಂಘವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. ಈ ಕತೆಯಲ್ಲಿ ಎರಡು ಚಕ್ರದವರ ಪಾಲು ಚಿಕ್ಕದಲ್ಲ.

ಮೊದಲ ಮಹಾಯುದ್ಧ ಗಡಿಗಳನ್ನೆಲ್ಲ ಮುಚ್ಚಿಸಿತು. ಅದು ಮುಗಿದ ಮೇಲೆ ದೂರದ ಸವಾರಿಯ ಕಾಲ ಬಂತು. 1928ರಲ್ಲಿ ಹಂಗೆರಿಯ ಸುಲ್ಕೊವ್‌ಸ್ಕಿ ಮತ್ತು ಬಾರ್ಥಾ ಸೈಡ್‌ಕಾರ್ ಜೋಡಿಸಿದ ಹಾರ್ಲೆಯಲ್ಲಿ ಹೊರಟು 1936ರವರೆಗೆ ಲೋಕ ಸುತ್ತಿದರು. 1932ರಲ್ಲಿ ಅಮೆರಿಕದ ರಾಬರ್ಟ್ ಫುಲ್ಟನ್ ಲಂಡನ್ನಿನಲ್ಲಿ ಡಗ್ಲಸ್ ಬೈಕ್ ಏರಿ ಇಂಡಿಯಾದ ಮೇಲೆ ಹಾದು ಟೋಕಿಯೊ ತನಕ ಹೋದರು. ಗಾಡಿಗಳು ಹೆಚ್ಚಿದಂತೆ ಕಾಗದದ ತಕರಾರೂ ಹೆಚ್ಚಿತು. ಎಲ್ಲೋ ಒಂದು ಕಟ್ಟೆಯಲ್ಲಿ ನಿದ್ದೆಗಣ್ಣಿನ ಗುಮಾಸ್ತ ಮುದ್ರೆ ಒತ್ತುವುದನ್ನು ಮರೆತ. ಇನ್ನೊಬ್ಬನ ಹಾಳೆ ಮಳೆಯಲ್ಲಿ ನೆನೆದು ಹೋಯಿತು. ಗಾಡಿ ಊರು ಸೇರಿ ಅಂಗಳದಲ್ಲಿ ನಿಂತಿದೆ, ಆದರೆ ಕಾಗದದ ಪ್ರಕಾರ ಅದು ಇನ್ನೂ ಪರದೇಶದಲ್ಲೇ ಇದೆ. ಸುಂಕ ಕಟ್ಟಬೇಕೆ?

ಈ ಒಂದು ಪ್ರಶ್ನೆಗಾಗಿ ರಾಷ್ಟ್ರಸಂಘದ ಆಶ್ರಯದಲ್ಲಿ 1931ರ ಮಾರ್ಚ್ 28ರಂದು ಜಿನೀವಾದಲ್ಲಿ ಸುಂಕದ ಇಲಾಖೆಗಳ ನಡುವೆ ಒಂದು ಪ್ರತ್ಯೇಕ ಒಪ್ಪಂದವೇ ಆಯಿತು. ಮುದ್ರೆ ಬೀಳದ ಮತ್ತು ಕಳೆದುಹೋದ ಟ್ರಿಪ್ಟಿಕ್ಕುಗಳ ವಿಚಾರ ಇತ್ಯರ್ಥ ಮಾಡುವುದೇ ಅದರ ಉದ್ದೇಶ. ಗಾಡಿ ದೇಶದ ಹೊರಗಿದೆ ಎಂದು ಬೇರೆ ರೀತಿಯಲ್ಲಿ ತೋರಿಸಿದರೂ ಒಪ್ಪಬಹುದು ಎಂಬ ವಿವೇಕ ಇಲ್ಲಿಂದ ಬೆಳೆಯಿತು. ಇವತ್ತಿನ ಕಾರ್ನೆಯ ಜೊತೆಗೆ ಗಾಡಿ ಇರುವ ಜಾಗದ ದೃಢೀಕರಣ ಪತ್ರವೊಂದು ಇರುತ್ತದೆ. ಎಲ್ಲೋ ಮುದ್ರೆ ತಪ್ಪಿದ್ದರೆ, ಊರಿಗೆ ಬಂದ ಮೇಲೆ ಸುಂಕದ ಅಧಿಕಾರಿಯ ಮುಂದೆ ಗಾಡಿ ನಿಲ್ಲಿಸಿ, ಇದು ಇಲ್ಲಿದೆ ಎಂದು ಬರೆಸಿಕೊಳ್ಳಬಹುದು. ಆ ಒಂದು ಪತ್ರದಿಂದ ಲಕ್ಷಗಟ್ಟಲೆ ಹಣ ಉಳಿಯುತ್ತದೆ.

ಎರಡನೇ ಮಹಾಯುದ್ಧ ಮುಗಿದು ವಿಶ್ವಸಂಸ್ಥೆ ಬಂದ ಮೇಲೆ, 1954ರ ಜೂನ್ 4ರಂದು ನ್ಯೂಯಾರ್ಕಿನಲ್ಲಿ, ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಒಪ್ಪಂದ ಸಿದ್ಧವಾಯಿತು. 1957ರ ಡಿಸೆಂಬರ್ 15ರಿಂದ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಕ್ಲಬ್ಬುಗಳು ಅರವತ್ತು ವರ್ಷ ರೂಢಿಯಲ್ಲಿ ನಡೆಸಿದ್ದು ಇಲ್ಲಿ ಕಾನೂನಾಯಿತು. ಇಂಥ ಒಪ್ಪಂದಗಳನ್ನು ಓದುವುದೆಂದರೆ ಸಾಮಾನ್ಯವಾಗಿ ಬೇಸರದ ಕೆಲಸ, ಇದು ಹಾಗಲ್ಲ. ಸಣ್ಣ ಸಣ್ಣ ಸಂಗತಿಗಳನ್ನು ಯಾರೋ ಕೂತು ಯೋಚಿಸಿದ್ದಾರೆ. ಗಾಡಿಯ ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ಸುಂಕವಿಲ್ಲ ಎಂದು ಬರೆದಿದ್ದಾರೆ. ದಾರಿಯಲ್ಲಿ ಕೆಟ್ಟ ಗಾಡಿಗೆ ಹೊರಗಿನಿಂದ ಬಿಡಿಭಾಗ ತರಿಸಿದರೆ ಅದಕ್ಕೂ ಸುಂಕವಿಲ್ಲ, ಆದರೆ ಬಿಚ್ಚಿ ತೆಗೆದ ಹಳೆಯ ಭಾಗವನ್ನು ಒಂದೋ ಹೊರಗೆ ಒಯ್ಯಬೇಕು, ಒಂದೋ ಸರ್ಕಾರಕ್ಕೆ ಒಪ್ಪಿಸಬೇಕು, ಇಲ್ಲವೇ ಅಧಿಕಾರಿಯ ಎದುರು ನಾಶ ಮಾಡಬೇಕು. ಒಂದು ಸವೆದ ಪಿಸ್ಟನ್ನಿಗೂ ಗತಿ ಕಾಣಿಸಿದ್ದಾರೆ!

ಇಡೀ ಗಾಡಿಗೇ ಗತಿ ಕಾಣಿಸುವ ವಿಧಿ 13ನೆಯದು. ಒಳಗೆ ಬಂದ ಗಾಡಿ ಅವಧಿಯೊಳಗೆ ಹೊರಗೆ ಹೋಗಲೇಬೇಕು ಎನ್ನುವುದು ಮೂಲ ನಿಯಮ. ಅಪಘಾತದಲ್ಲಿ ನಜ್ಜುಗುಜ್ಜಾದ ಗಾಡಿಯನ್ನು ಹೊರಗೆ ಒಯ್ಯಬೇಕಿಲ್ಲ, ಅದಕ್ಕೆ ಮೂರು ದಾರಿಗಳಲ್ಲಿ ಒಂದು: ಸುಂಕ ಕಟ್ಟಿ ಇಲ್ಲಿಯದೇ ಮಾಡುವುದು, ಸರ್ಕಾರಕ್ಕೆ ಒಂದು ಕಾಸೂ ಖರ್ಚಾಗದಂತೆ ಬಿಟ್ಟುಕೊಡುವುದು, ಅಧಿಕಾರಿಯ ಸಮಕ್ಷಮದಲ್ಲಿ ನಾಶ ಮಾಡಿಸುವುದು. ಸರ್ಕಾರವೇ ಗಾಡಿಯನ್ನು ಜಪ್ತಿ ಮಾಡಿದ್ದರೆ, ಜಪ್ತಿ ಇರುವಷ್ಟು ದಿನ ಹೊರಗೆ ಒಯ್ಯುವ ಹೊಣೆ ಅಮಾನತಿನಲ್ಲಿರುತ್ತದೆ. ಸುಂಕದವರಿಗೂ ಗಡುವಿದೆ. ಕಾರ್ನೆಯ ಅವಧಿ ಮುಗಿದ ಒಂದು ವರ್ಷದೊಳಗೆ ತಕರಾರು ತಿಳಿಸದಿದ್ದರೆ ಆಮೇಲೆ ಕ್ಲಬ್ಬಿನಿಂದ ಹಣ ಕೇಳುವಂತಿಲ್ಲ. ತಿಳಿಸಿದರೆ, ಗಾಡಿ ಹೊರಗೆ ಹೋಗಿದೆ ಎಂದು ತೋರಿಸಲು ಕ್ಲಬ್ಬಿಗೆ ಒಂದು ವರ್ಷ.

ಈ ಹಾಳೆಯ ತಮ್ಮಂದಿರೂ ಇದ್ದಾರೆ. ಲಾರಿಯ ಸರಕಿಗೆ ಟಿಐಆರ್ ಕಾರ್ನೆ, ವಸ್ತುಪ್ರದರ್ಶನದ ಸಾಮಾನು, ಕ್ಯಾಮೆರಾ, ವಾದ್ಯಗಳಿಗೆ 1961ರ ಎಟಿಎ ಕಾರ್ನೆ. ಟಿಐಆರ್ ಒಪ್ಪಂದಕ್ಕೆ ಭಾರತ 2017ರಲ್ಲಿ ಸೇರಿತು. ಇವೆಲ್ಲದರ ಒಳಗಿರುವುದು ಸೈಕಲ್ ಸಂಘಗಳ ಆ ಹಳೆಯ ಯುಕ್ತಿಯೇ. ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಕಾರ್ನೆ ಕೇಳುವುದನ್ನು ಬಿಟ್ಟು ಕಾಲವಾಯಿತು. ಈಗ ಅದು ಬೇಕೇ ಬೇಕಾಗುವುದು ಭಾರತ, ಪಾಕಿಸ್ತಾನ, ಇರಾನ್, ನೇಪಾಳ, ಈಜಿಪ್ಟಿನಂಥ ಕಡೆ.

ಈಗ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಮೆಕ್ಯಾನಿಕ್ಕಿಗೆ ಉತ್ತರ ಹೇಳಬಹುದು. ಕಾರ್ನೆಯ ಮೇಲೆ ಬಂದ ಬೈಕಿಗೆ ನಮ್ಮಲ್ಲಿ ಆರು ತಿಂಗಳ ಸುಂಕ ವಿನಾಯಿತಿ, ಹೊರಗೆ ಒಯ್ಯಬೇಕೆಂಬ ಷರತ್ತಿನ ಮೇಲೆ. ಷರತ್ತು ಮುರಿದರೆ 1962ರ ಕಸ್ಟಮ್ಸ್ ಕಾಯ್ದೆಯ 111(ಒ) ಕಲಮಿನ ಕೆಳಗೆ ಬೈಕ್ ಜಪ್ತಿಗೆ ಅರ್ಹ, ಅದು ಯಾರ ಕೊಟ್ಟಿಗೆಯಲ್ಲಿದ್ದರೂ ಸರಿ. ಕೊಂಡವನು ಕೊಟ್ಟ ದುಡ್ಡೂ ಹೋಯಿತು, ಬೈಕೂ ಹೋಯಿತು. ಮಾರಿದವನು ವಿಮಾನ ಹತ್ತಿ ಹೋದರೂ ತಪ್ಪಿಸಿಕೊಳ್ಳಲಾರ. ಒಳಗೆ ಬಂದ ತುಂಡಿಗೆ ಜೋಡಿ ಸಿಗದೆ ಇಲ್ಲಿಯ ಕ್ಲಬ್ಬಿಗೆ ನೋಟಿಸ್ ಹೋಗುತ್ತದೆ, ಅಲ್ಲಿಂದ ಅವನ ಊರಿನ ಕ್ಲಬ್ಬಿಗೆ, ಅಲ್ಲಿಂದ ಅವನ ಠೇವಣಿಗೆ.

"ಹಂಗಾದ್ರೆ ಸುಂಕಾನೇ ಕಟ್ಬಿಟ್ರೆ?" ಎಂದು ನಮ್ಮವರು ಬಿಡದೆ ಕೇಳುತ್ತಾರೆ. ಕಟ್ಟಿದರೂ ದಾರಿ ಸುಲಭವಿಲ್ಲ. ಬಳಸಿದ ವಾಹನವನ್ನು ಭಾರತಕ್ಕೆ ಆಮದು ಮಾಡಲು ಅದು ತಯಾರಾಗಿ ಮೂರು ವರ್ಷ ದಾಟಿರಬಾರದು, ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು, ಮುಂಬಯಿ ಬಂದರಿನ ಮೂಲಕವೇ ಬರಬೇಕು ಎಂಬ ಷರತ್ತುಗಳಿವೆ. ಸುಂಕ ಗಾಡಿಯ ಬೆಲೆಯ ಸಮಕ್ಕೆ ನಿಲ್ಲುವಷ್ಟು ಭಾರ. ದೇಶ ದೇಶ ದಾಟಿ ಬರುವ ಬೈಕುಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಳೆಯವೇ ಬಹಳ. ಅವಕ್ಕೆ ಕೆಎ 40 ನಂಬರ್ ಸಿಗುವ ಸಾಧ್ಯತೆಯೇ ಇಲ್ಲ.

ಈ ತರ್ಕ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹಿಂದೂಪುರದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ಗೌರಿಬಿದನೂರಿನವನನ್ನು ಕೇಳಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಮೊದಲು ಹಳೆಯ ಆರ್‌ಟಿಒ ಕಚೇರಿಯಿಂದ ಎನ್‌ಒಸಿ ತರಬೇಕು, 28ನೇ ನಮೂನೆಯ ಅರ್ಜಿ. ಆ ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಅಂಟಿಸಬೇಕು. ಹ್ಯಾಂಡಲಿನ ಬುಡದಲ್ಲಿರುವ ನಂಬರಿನ ಮೇಲಿನ ಮಣ್ಣು, ಗ್ರೀಸು ಒರೆಸಿ, ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿದರೆ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬರುತ್ತದೆ. ಏಜೆಂಟರ ಹುಡುಗರು ಇದನ್ನು ಅರೆ ನಿಮಿಷದಲ್ಲಿ ಮಾಡುತ್ತಾರೆ. ವಿದೇಶಿ ಬೈಕ್ ಹೊರಗೆ ಹೋಗುವಾಗ ಕಸ್ಟಮ್ಸ್ ಅಧಿಕಾರಿ ಬಗ್ಗಿ, ಟಾರ್ಚ್ ಹಾಕಿ, ಕಾರ್ನೆಯ ಹಾಳೆಗೆ ತಾಳೆ ನೋಡುವುದೂ ಇದೇ ಅಂಕಿಗಳನ್ನು. ಸೀಸದ ಬಿಲ್ಲೆ ಮಾಡುತ್ತಿದ್ದ ಕೆಲಸವನ್ನು ಈಗ ಚಾಸಿ ನಂಬರ್ ಮಾಡುತ್ತಿದೆ.

ಹಾಗಾದರೆ ಬೈಕ್ ಎಲ್ಲಿಗೆ ಹೋಗಬೇಕು? ಭೂಮಾರ್ಗ ಈಗ ಬಹುಪಾಲು ಮುಚ್ಚಿದೆ. 2021ರ ಸೇನಾ ದಂಗೆಯ ಮೇಲೆ ಮ್ಯಾನ್ಮಾರ್ ದಾಟುವುದು ಕಷ್ಟವಾಯಿತು. 2025ರ ಏಪ್ರಿಲ್‌ನಲ್ಲಿ ಅಟ್ಟಾರಿಯ ಗಡಿ ಠಾಣೆಯನ್ನೂ ಮುಚ್ಚಿದರು. ಉಳಿದದ್ದು ಹಡಗು, ವಿಮಾನ. ನಮ್ಮ ನಾಲ್ಕು ಊರುಗಳ ಸೀಮೆಯಲ್ಲಿ ಪ್ರಯಾಣ ಮುಗಿಸುವವನಿಗೆ ಒಂದು ಅನುಕೂಲವಿದೆ. 2008ರ ಮೇ ತಿಂಗಳಲ್ಲಿ ಶುರುವಾದ ದೇವನಹಳ್ಳಿಯ ವಿಮಾನ ನಿಲ್ದಾಣ, ಅದರ ಸರಕು ಸಂಕೀರ್ಣ, ಕಸ್ಟಮ್ಸ್ ಕಚೇರಿ ಎಲ್ಲವೂ ಚಿಕ್ಕಬಳ್ಳಾಪುರದಿಂದ ಹೆದ್ದಾರಿಯಲ್ಲಿ ಒಂದು ಗಂಟೆಯೊಳಗಿನ ದಾರಿ. ಬೈಕನ್ನು ವಿಮಾನಕ್ಕೆ ಹಾಕಬೇಕಾದರೆ ಟ್ಯಾಂಕಿನ ಪೆಟ್ರೋಲ್ ತೆಗೆಯಬೇಕು, ಬ್ಯಾಟರಿ ತಂತಿ ಬಿಚ್ಚಿ ಬಂದೋಬಸ್ತು ಮಾಡಬೇಕು. ವಿಮಾನದ ಲೆಕ್ಕದಲ್ಲಿ ಮೋಟಾರ್ ಸೈಕಲ್ ಅಪಾಯಕಾರಿ ಸರಕು, ಯುಎನ್ 3166 ಅದರ ಸಂಖ್ಯೆ. ಮುಂದಿನ ಚಕ್ರ, ಹ್ಯಾಂಡಲ್, ಕನ್ನಡಿ ಬಿಚ್ಚಿದರೆ ಪೆಟ್ಟಿಗೆ ಚಿಕ್ಕದಾಗುತ್ತದೆ, ಬಾಡಿಗೆ ಇಳಿಯುತ್ತದೆ. ಪೆಟ್ಟಿಗೆಯ ಮರವೂ ಹುಳು ಹಿಡಿಯದಂತೆ ಕಾಯಿಸಿ ಮುದ್ರೆ ಹೊಡೆದದ್ದಾಗಿರಬೇಕು.

ಅಲ್ಲಿ ಕಾರ್ನೆ ತೆರೆದು ನೋಡಿದರೆ ಈ ನೂರಿಪ್ಪತ್ತು ಮೂವತ್ತು ವರ್ಷದ ಕತೆ ಒಂದೇ ಪುಟದಲ್ಲಿ ಸಿಗುತ್ತದೆ. ಪುಟದ ಅಡಿಯ ಪಟ್ಟಿ ಇರುವುದಿಲ್ಲ, ಒಳಗೆ ಬಂದ ದಿನವೇ ಹರಿದುಕೊಂಡಿದ್ದಾರೆ. ನಡುವಿನ ಪಟ್ಟಿಯನ್ನು ಈಗ ಅಧಿಕಾರಿ ತುಂಬಿ, ಮುದ್ರೆ ಒತ್ತಿ, ಸ್ಕೇಲ್ ಇಟ್ಟು ಹರಿದುಕೊಳ್ಳುತ್ತಾನೆ. ಮೇಲಿನ ಪಟ್ಟಿ ಮಾತ್ರ ಪುಸ್ತಕದಲ್ಲೇ ಉಳಿಯುತ್ತದೆ. ಅದರ ಒಂದು ಕಡೆ ಬಂದ ಮುದ್ರೆ, ಇನ್ನೊಂದು ಕಡೆ ಹೋದ ಮುದ್ರೆ. ಸವಾರರು ಅಲ್ಲಿ ಶಾಯಿ ಒಣಗುವ ತನಕ ಕಾದು, ತಾರೀಕು ಸರಿಯಿದೆಯೇ ಎಂದು ಓದಿ, ಫೋಟೊ ಹಿಡಿದುಕೊಂಡೇ ಹೊರಡುತ್ತಾರೆ. ಬುದ್ಧಿವಂತರ ಕೆಲಸ ಅದು.

ಇದರ ಇನ್ನೊಂದು ಮಗ್ಗುಲೂ ನಮ್ಮದೇ. ಇಲ್ಲಿಂದ ಹೊರಗೆ ಹೋಗುವ ಕೆಎ ನಂಬರಿನ ಬೈಕುಗಳೂ ಅಲ್ಲಿ ವಿದೇಶಿಯೇ. 2018ರಲ್ಲಿ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಬೆಂಗಳೂರಿನಿಂದ ಸಿಡ್ನಿಗೆ ಬೈಕಿನಲ್ಲಿ ಹೊರಟರು. ಇಂಥ ಸವಾರರಿಗೆ ಕಾರ್ನೆ ಸಿಗುವುದು ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನಿನಿಂದ, 1919ರಲ್ಲಿ ಹುಟ್ಟಿದ ಸಂಸ್ಥೆ. ನೇಪಾಳಕ್ಕೆ ಹೋಗುವ ನಮ್ಮ ಹುಡುಗರಿಗೆ ಕಾರ್ನೆ ಬೇಕಿಲ್ಲ. ಭನ್ಸಾರ್ ಎಂದು ದಿನಕ್ಕಿಷ್ಟು ಕಟ್ಟಿ ಚೀಟಿ ಪಡೆದರಾಯಿತು. ಆದರೆ ಆ ಚೀಟಿಗೂ ಒಳಗೆ ಹೋದ ದಿನವಿದೆ, ಹೊರಗೆ ಬರಬೇಕಾದ ದಿನವಿದೆ.

ನನಗೆ ಈ ಆವಿಷ್ಕಾರದಲ್ಲಿ ಮೆಚ್ಚುಗೆಯಾಗುವುದು ಅದನ್ನು ಮಾಡಿದವರು ಪ್ರಯಾಣಿಕನನ್ನು ಕಳ್ಳನೆಂದು ಹಿಡಿಯದೆ, ಸರ್ಕಾರವನ್ನು ದಡ್ಡನೆಂದೂ ಕಾಣದೆ, ಇಬ್ಬರೂ ನಿಲ್ಲಬಹುದಾದ ಜಾಗ ಹುಡುಕಿದ್ದು. ಅದಕ್ಕೇ ಇನ್ನೊಂದು ಮಾತನ್ನೂ ಹೇಳಬೇಕು. 2022ರಲ್ಲಿ ನಮ್ಮ ಸಾರಿಗೆ ಸಚಿವಾಲಯ ಭಾರತಕ್ಕೆ ಬರುವ ವಿದೇಶಿ ಖಾಸಗಿ ವಾಹನಗಳಿಗೆ ಹೊಸ ನಿಯಮ ಮಾಡಿತು. ನೋಂದಣಿ, ಪರವಾನಗಿ, ವಿಮೆ, ಹೊಗೆ ತಪಾಸಣೆ ಪತ್ರ ಇರಬೇಕು, ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಇರಬೇಕು, ಇಲ್ಲಿಯ ಜನರನ್ನೋ ಸರಕನ್ನೋ ಬಾಡಿಗೆಗೆ ಸಾಗಿಸಬಾರದು. ಗಾಡಿ ಓಡಾಡುವ ಕಾಲಕ್ಕೆ ಇಷ್ಟು ಸಾಕು. ಗಾಡಿ ಸತ್ತಾಗ ಏನು ಮಾಡಬೇಕು ಎಂಬುದು ಸಾಮಾನ್ಯ ಸವಾರನಿಗೆ ತಿಳಿಯುವ ಭಾಷೆಯಲ್ಲಿ, ಒಂದು ಪುಟದಲ್ಲಿ, ಪ್ರತಿ ಕಸ್ಟಮ್ಸ್ ಕಚೇರಿಯ ಗೋಡೆಯ ಮೇಲೂ ಇರಬೇಕು. ಎಂಜಿನ್ ಸೀಜ್ ಆಗಿ ಶಿಡ್ಲಘಟ್ಟದ ಹತ್ತಿರ ನಿಂತುಹೋದ ಹಳೆಯ ಬೈಕನ್ನು ಜರ್ಮನಿಗೆ ವಿಮಾನದಲ್ಲಿ ಕಳಿಸುವುದರಿಂದ ಯಾರಿಗೂ ಲಾಭವಿಲ್ಲ. ಬಿಟ್ಟುಕೊಡುವ ದಾರಿ, ಅಧಿಕಾರಿಯ ಎದುರು ಗುಜರಿ ಮಾಡಿಸುವ ದಾರಿ ಒಪ್ಪಂದದಲ್ಲಿ 1954ರಿಂದಲೇ ಇದೆ. ಅಪಘಾತಕ್ಕಷ್ಟೇ ಇರುವ ಆ ದಾರಿಯನ್ನು ಸವೆದು ಹಣ್ಣಾದ ಗಾಡಿಗೂ ತೆರೆದು, ಇಂಥ ಕಚೇರಿ, ಇಂಥ ಅರ್ಜಿ, ಇಷ್ಟು ದಿನ ಎಂದು ಗೊತ್ತುಮಾಡಿದರೆ, ಬೈಕನ್ನು ಯಾರದೋ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಬಿಟ್ಟು ಹೋಗುವ ಯೋಚನೆ ಯಾವ ಸವಾರನಿಗೂ ಬರುವುದಿಲ್ಲ. ನಮ್ಮ ಮೆಕ್ಯಾನಿಕ್ಕಿಗೂ ಆ ಬೈಕಿನ ಒಂದು ಕಾರ್ಬುರೇಟರ್ ನ್ಯಾಯವಾಗಿ ಹರಾಜಿನಲ್ಲಿ ಸಿಕ್ಕೀತು.